ಮೊದಲು ಜನರೋ, ಮೊದಲು ಕಟ್ಟಡವೋ?

2005ರ ಆಗಸ್ಟ್ 9. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಕೆಲವು ಮೇಜು ಹಾಕಿ, ತಂತಮ್ಮ ಕೆಲಸ ತಂದು ಒಟ್ಟಿಗೆ ಕೂತು ಮಾಡುವ ಜನರಿಗಾಗಿ ಕಾದು ಕೂತರು. ಸ್ಪೈರಲ್ ಮ್ಯೂಸ್ ಎಂಬ ಮಹಿಳಾವಾದಿ ಕೂಟದ ಜಾಗ ಅದು. ಬಾಡಿಗೆ ತಿಂಗಳಿಗೆ 300 ಡಾಲರ್, ಸಿಗುತ್ತಿದ್ದದ್ದು ವಾರಕ್ಕೆ ಎರಡೇ ದಿನ. ಐದರಿಂದ ಎಂಟು ಮೇಜು, ವೈಫೈ, ಒಟ್ಟಿಗೆ ಊಟ, ನಡುವೆ ಸ್ವಲ್ಪ ಧ್ಯಾನ. ಸಂಜೆ 5:45ಕ್ಕೆ ಬಾಗಿಲು ಹಾಕಲೇಬೇಕು. ಮೊದಲ ತಿಂಗಳು ಒಬ್ಬರೂ ಬರಲಿಲ್ಲ.

ನೌಕರಿಯಲ್ಲಿ ಜೊತೆ ಇತ್ತು, ಸ್ವಾತಂತ್ರ್ಯ ಇರಲಿಲ್ಲ. ಸ್ವಂತ ಕೆಲಸದಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಜೊತೆ ತಪ್ಪಿತು. ಎರಡೂ ಒಂದೇ ಕಡೆ ಇರಲಿ ಅನ್ನೋದು ನ್ಯೂಬರ್ಗ್ ಆಸೆ. ಅದಕ್ಕೆ ಅವರು ಇಟ್ಟ ಹೆಸರು ಕೋವರ್ಕಿಂಗ್. (1999ರಲ್ಲೇ ಬರ್ನಿ ಡಿಕೋವೆನ್ ಎಂಬ ಆಟಗಳ ವಿನ್ಯಾಸಕಾರರು ಈ ಪದ ಬಳಸಿದ್ದರು, ಆದರೆ ಬೇರೆ ಅರ್ಥದಲ್ಲಿ.)

ಸಜ್ಜಾದ ಆಫೀಸನ್ನು ಬಾಡಿಗೆಗೆ ಕೊಡೋದು ಆಗಲೂ ಹೊಸದಾಗಿರಲಿಲ್ಲ. ಮಾರ್ಕ್ ಡಿಕ್ಸನ್ ಬ್ರಸೆಲ್ಸ್‌ನಲ್ಲಿ ರೀಗಸ್ ಶುರು ಮಾಡಿದ್ದು 1989ರಲ್ಲಿ. ಅಲ್ಲಿ ಕೋಣೆ ಸಿಗುತ್ತಿತ್ತು. ಪಕ್ಕದ ಕೋಣೆಯವರು ಯಾರು ಅಂತ ತಿಳಿಯಬೇಕಾದ ಅಗತ್ಯ ಇರಲಿಲ್ಲ.

ಸ್ಪೈರಲ್ ಮ್ಯೂಸ್‌ನ ಕೋವರ್ಕಿಂಗ್ ಸುಮಾರು ಒಂದು ವರ್ಷ ನಡೆದು ಮುಚ್ಚಿತು. ಆದರೆ ಅಷ್ಟರಲ್ಲಿ ಈ ಯೋಚನೆ ಹರಡಿತ್ತು. 2006ರಲ್ಲಿ ಅದೇ ಊರಲ್ಲಿ ಹ್ಯಾಟ್ ಫ್ಯಾಕ್ಟರಿ ಎಂಬ ಇಂಥದೇ ಜಾಗ ಬಂತು, ಆಮೇಲೆ ಸಿಟಿಜನ್ ಸ್ಪೇಸ್. ಈ ಜನ ತಾವು ಕಲಿತದ್ದನ್ನು ಬಚ್ಚಿಡದೆ ವಿಕಿಯಲ್ಲಿ, ಅಂದರೆ ಹಲವರು ಸೇರಿ ಬರೆಯುವ ವೆಬ್ ಪುಟಗಳಲ್ಲಿ ಬರೆದಿಟ್ಟರು. ಯಾರು ಬೇಕಾದರೂ ಓದಿ ತಮ್ಮೂರಲ್ಲಿ ಶುರು ಮಾಡಬಹುದಿತ್ತು. ಒಂದು ಜಾಗದ ಸದಸ್ಯರು ಇನ್ನೊಂದು ಊರಿಗೆ ಹೋದಾಗ ಅಲ್ಲಿನ ಜಾಗದಲ್ಲಿ ಕೂರಲಿ ಅಂತ 'ಕೋವರ್ಕಿಂಗ್ ವೀಸಾ' ಏರ್ಪಾಡೂ ಮಾಡಿಕೊಂಡರು. ಪೈಪೋಟಿ ಇರಬೇಕಾದ ಕಡೆ ಇಷ್ಟು ನಂಬಿಕೆ ಇತ್ತು ಅನ್ನೋದು ನನಗೆ ಇವತ್ತಿಗೂ ತುಂಬಾ ಇಷ್ಟವಾಗುವ ಸಂಗತಿ.

ಫಿಲಡೆಲ್ಫಿಯಾದ ಇಂಡಿ ಹಾಲ್ ಎಂಬ ಕೋವರ್ಕಿಂಗ್ ಜಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲೆಕ್ಸ್ ಹಿಲ್‌ಮನ್ ಮತ್ತು ಜೆಫ್ ಡಿಮಾಸಿ ಮೊದಲು ಜನರನ್ನು ಸೇರಿಸಿದರು. ಕೆಫೆಗಳಲ್ಲಿ ಒಟ್ಟಿಗೆ ಕೂತು ಕೆಲಸ ಮಾಡಿ, ಪರಿಚಯ ಗಟ್ಟಿಯಾದ ಮೇಲೆ 2007ರಲ್ಲಿ ಜಾಗದ ಬಾಗಿಲು ತೆರೆದರು. ಅಂದರೆ ಮೊದಲ ದಿನವೇ ಒಳಗೆ ಜನ ಇದ್ದರು.

ಕಾರ್ಪೊರೇಟ್ ದಾರಿ ಇದರ ತಿರುಗುಮುರುಗು. 2010ರಲ್ಲಿ ಆಡಮ್ ನ್ಯೂಮನ್ ಮತ್ತು ಮಿಗೆಲ್ ಮೆಕೆಲ್ವಿ ಕಟ್ಟಿದ ವಿವರ್ಕ್ ಅದರ ದೊಡ್ಡ ಹೆಸರು. ಕಟ್ಟಡವನ್ನು ವರ್ಷಗಟ್ಟಲೆ ಲೀಸ್‌ಗೆ ತೆಗೆದುಕೋ, ಗಾಜಿನ ಗೋಡೆ ಹಾಕಿ ಪಾಲು ಮಾಡು, ಒಂದೊಂದು ಪಾಲನ್ನೂ ತಿಂಗಳ ಲೆಕ್ಕದಲ್ಲಿ ಕೊಡು. ಜಾಗ ತುಂಬಿರುವಷ್ಟು ದಿನ ಲೆಕ್ಕ ಸರಿಯಾಗಿರುತ್ತದೆ. ಜನ ಒಂದು ತಿಂಗಳ ನೋಟಿಸ್ ಕೊಟ್ಟು ಎದ್ದು ಹೋಗಬಹುದು, ಆದರೆ ಲೀಸ್ ತೆಗೆದುಕೊಂಡವರು ಹಾಗೆ ಎದ್ದು ಹೋಗೋಕೆ ಆಗಲ್ಲ ಅಲ್ವಾ?

ಇಂಟರ್ನೆಟ್ ಕಂಪನಿಗಳು ಸಾಲಾಗಿ ಮುಳುಗಿದ ಡಾಟ್‌ಕಾಮ್ ಕುಸಿತದ ನಂತರ ಇದೇ ಗಂಟಿಗೆ ಸಿಕ್ಕ ರೀಗಸ್, 2003ರಲ್ಲಿ ತನ್ನ ಅಮೆರಿಕದ ವ್ಯವಹಾರಕ್ಕೆ ದಿವಾಳಿ ಕಾನೂನಿನ ರಕ್ಷಣೆ ಕೇಳಬೇಕಾಯಿತು. 2019ರಲ್ಲಿ ವಿವರ್ಕ್ ಷೇರು ಬಿಡಲು ಹೊರಟಾಗ ಅದರ ಕಾಗದಪತ್ರದಲ್ಲೇ ಲೆಕ್ಕ ಇತ್ತು. ಮುಂದೆ ಕಟ್ಟಬೇಕಾದ ಲೀಸ್ ಬಾಡಿಗೆ ಸುಮಾರು 4,700 ಕೋಟಿ ಡಾಲರ್. ಗ್ರಾಹಕರಿಂದ ಬರುವುದು ಖಚಿತವಾಗಿದ್ದದ್ದು ಸುಮಾರು 400 ಕೋಟಿ. ಷೇರು ಬಿಡುಗಡೆ ನಿಂತುಹೋಯಿತು. 2023ರ ನವೆಂಬರ್‌ನಲ್ಲಿ ವಿವರ್ಕ್ ಕೂಡ ದಿವಾಳಿ ಅರ್ಜಿ ಹಾಕಿತು. 2024ರಲ್ಲಿ ಎಷ್ಟೋ ಲೀಸ್‌ಗಳನ್ನು ಕೈಬಿಟ್ಟು ಅದರಿಂದ ಹೊರಬಂತು.

ದೊಡ್ಡ ಕಂಪನಿಗಳಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳಲ್ಲ. ನಾಳೆಯೇ ಹತ್ತು ಜನರಿಗೆ ಬೀಗ ಹಾಕುವ ಕೋಣೆ ಬೇಕು ಅಂದರೆ ಅವರ ಹತ್ತಿರವೇ ಹೋಗಬೇಕು. ಸಮುದಾಯ ಕಟ್ಟುವವರಿಗೂ ಬಾಡಿಗೆ ತಪ್ಪಿದ್ದಲ್ಲ. ಎಷ್ಟೋ ಕಡೆ ಒಬ್ಬರೇ ಎಲ್ಲ ಹೊತ್ತು, ದಣಿದು ಬಿಟ್ಟುಬಿಡುತ್ತಾರೆ. ಆದರೂ ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳೋದು ಒಂದೇ. ಲೀಸ್‌ಗೆ ಸಹಿ ಹಾಕುವ ಮುಂಚೆ, ಮೊದಲ ತಿಂಗಳ ದುಡ್ಡು ಕೈಗಿಡುವ ಜನ ಎಷ್ಟಿದ್ದಾರೆ ಅಂತ ಹೆಸರು ಹಿಡಿದು ಎಣಿಸಿ. 2020ರಲ್ಲಿ ಕೋವಿಡ್ ಬಂದಾಗ ಇಂಡಿ ಹಾಲ್ ತನ್ನ ಜಾಗವನ್ನೇ ಬಿಟ್ಟುಕೊಟ್ಟಿತು. ಸದಸ್ಯರು ಮಾತ್ರ ಆನ್‌ಲೈನ್‌ನಲ್ಲಿ ಸೇರುತ್ತಲೇ ಇದ್ದರು.