ಉಸಿರು ಎಳೆಯಲಾಗುತ್ತಿಲ್ಲವೋ, ಬಿಡಲಾಗುತ್ತಿಲ್ಲವೋ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಮಲ್ಪೆಯಲ್ಲಿ ದೋಣಿಗೆ ಹೋಗುತ್ತಿದ್ದರು, 40 ವರ್ಷ ಬೀಡಿ ಸೇದಿದರು. ಈಗ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ. ‘ಉಸಿರು ಒಳಗೆ ಹೋಗುತ್ತಿಲ್ಲ’ ಎಂದು ಅಪ್ಪ ಹೇಳುತ್ತಾರೆ. ‘ಹೊರಗೆ ಬರುತ್ತಿಲ್ಲ’ ಎಂದು ಡಾಕ್ಟರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ. ಸಂಜೆ ಹೊತ್ತಿನ ಉಡುಪಿ–ಮಂಗಳೂರು ಬಸ್ಸನ್ನು ನೆನೆಸಿಕೊಳ್ಳಿ. ಇಳಿಯಬೇಕಾದವರು ಬಾಗಿಲಲ್ಲೇ ಸಿಕ್ಕಿಕೊಂಡರೆ ಹತ್ತುವವರಿಗೆ ಕಾಲಿಡಲು ಜಾಗವೆಲ್ಲಿ?

ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಗಾಳಿಚೀಲಗಳಿವೆ. ಅವುಗಳ ತೆಳು ಗೋಡೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ವರ್ಷಗಟ್ಟಲೆ ಹೊಗೆ ಕುಡಿದರೆ ಆ ಬಲೆಯ ನೂಲುಗಳು ಕಡಿಯುತ್ತವೆ, ಹತ್ತಾರು ಸಣ್ಣ ಕಣ್ಣುಗಳು ಸೇರಿ ಒಂದು ದೊಡ್ಡ ತೂತಾಗುತ್ತದೆ. ಹರಿದ ಬಲೆಯನ್ನು ಹೆಣೆದು ಸರಿಪಡಿಸುವುದು ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ. ಈ ಬಲೆಯನ್ನು ಹೆಣೆಯುವ ಮದ್ದು ಮಾತ್ರ ಇನ್ನೂ ಬಂದಿಲ್ಲ. ಬೀಡಿ ಬಿಟ್ಟರೆ ಹರಿಯುವ ವೇಗ ತಗ್ಗುತ್ತದೆ, ಅಷ್ಟೇ. ಆ ‘ಅಷ್ಟೇ’ ಸಣ್ಣದಲ್ಲ.

ಆ ನೂಲುಗಳಿಗೆ ಎರಡು ಕೆಲಸ. ಹಿಗ್ಗಿದ ಶ್ವಾಸಕೋಶವನ್ನು ಹಿಂದಕ್ಕೆ ಎಳೆದು ಗಾಳಿಯನ್ನು ಹೊರಹಾಕುವುದು ಒಂದು. ಆರಾಮವಾಗಿ ಕೂತಾಗ ಉಸಿರು ಬಿಡಲು ನಾವು ಶ್ರಮಪಡುವುದೇ ಇಲ್ಲವಲ್ಲ, ಅದು ಈ ಎಳೆತದ ದೆಸೆಯಿಂದ. ಸಣ್ಣ ಗಾಳಿಕೊಳವೆಗಳನ್ನು ಸುತ್ತಲಿಂದ ಜಗ್ಗಿ ತೆರೆದಿಡುವುದು ಇನ್ನೊಂದು. ನೂಲು ಹೋದರೆ ಎರಡೂ ಹೋದವು. ಆಗ ಜೋರಾಗಿ ಊದಿದಷ್ಟೂ ಎದೆಯೊಳಗಿನ ಒತ್ತಡ ಆ ಕೊಳವೆಗಳನ್ನೇ ಹಿಸುಕಿ ಮುಚ್ಚುತ್ತದೆ, ಗಾಳಿ ಅವುಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ‘ಜೋರಾಗಿ ಉಸಿರು ಬಿಡಿ ಅಪ್ಪ’ ಎಂದು ಪಕ್ಕದಲ್ಲಿ ನಿಂತು ಹುರಿದುಂಬಿಸಬೇಡಿ.

ಸಿಕ್ಕಿಕೊಂಡ ಗಾಳಿಯಿಂದ ಎದೆ ಉಬ್ಬಿಯೇ ಇರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತಿರಬೇಕಾದ ಉಸಿರಾಟದ ಸ್ನಾಯು, ವಪೆ, ಚಪ್ಪಟೆಯಾಗಿ ಕೆಳಗೆ ಕೂತಿರುತ್ತದೆ. ಉಸಿರೆಳೆಯಲು ಅದು ಇಳಿಯಬೇಕು, ಇಳಿಯಲು ಜಾಗವಿಲ್ಲ. ಅಪ್ಪ ಅಂಗಿ ಬಿಚ್ಚಿ ಕೂತಾಗ ನೋಡಿ: ಉಸಿರೆಳೆಯುವಾಗ ಪಕ್ಕೆಲುಬಿನ ಕೆಳ ಅಂಚು ಹೊರಕ್ಕೆ ಅರಳುವ ಬದಲು ಒಳಕ್ಕೆ ಹೋಗಬಹುದು. ಕತ್ತಿನ, ಹೆಗಲಿನ ಸ್ನಾಯುಗಳು ಆಗ ವಪೆಯ ಕೆಲಸಕ್ಕೆ ಇಳಿಯುತ್ತವೆ. ತಲೆ ಬಾಚುವಾಗ, ತಲೆಗೆ ಚೊಂಬಿನಿಂದ ನೀರು ಹೊಯ್ದುಕೊಳ್ಳುವಾಗ ದಮ್ಮು ಕಟ್ಟುವುದು ಇದಕ್ಕೇ. ಕೈ ಎತ್ತಲು ಬೇಕಾದ ಸ್ನಾಯುಗಳು ಉಸಿರಾಟದಲ್ಲಿ ತೊಡಗಿರುತ್ತವೆ. ಜಗಲಿಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈಯೂರಿ ಕೂರುವ ಭಂಗಿಯನ್ನು ಯಾರೂ ಅವರಿಗೆ ಕಲಿಸಿರಲಿಕ್ಕಿಲ್ಲ. ಆ ಸ್ನಾಯುಗಳಿಗೆ ಆಸರೆ ಬೇಕು ಎಂದು ದೇಹವೇ ಕಂಡುಕೊಂಡದ್ದು ಅದು.

ನಡೆದಾಗ ಇನ್ನೂ ಕಷ್ಟ. ಉಸಿರಾಟ ಚುರುಕಾಗಿ, ಬಿಡಲು ಸಿಗುವ ಸಮಯ ಕಡಿಮೆಯಾಗುತ್ತದೆ. ಪ್ರತಿ ಉಸಿರಿಗೂ ಸ್ವಲ್ಪ ಗಾಳಿ ಒಳಗೇ ಉಳಿದು ಸೇರುತ್ತಾ ಹೋಗುತ್ತದೆ.

ತುಟಿ ಕಿರಿದು ಮಾಡಿ, ಬಿಸಿ ಕಷಾಯ ಆರಿಸುವಂತೆ ಮೆಲ್ಲನೆ ಬಿಡುವುದರಿಂದ ಕೊಳವೆಯೊಳಗೆ ಒತ್ತಡ ಉಳಿದು ಅದು ಬೇಗ ಮುಚ್ಚುವುದಿಲ್ಲ. ಎಳೆದುಕೊಂಡದ್ದರ ಎರಡರಷ್ಟು ಹೊತ್ತು ಬಿಡಲಿ. ಇನ್ಹೇಲರನ್ನು ಡಾಕ್ಟರು ಹೇಳಿದಂತೆಯೇ ಬಳಸಲಿ. ತುಟಿ ನೀಲಿಯಾದರೆ, ಮಾತು ತೊದಲಿದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಟ್ಟಿಲು ಹತ್ತುವಾಗ ಮೊದಲು ನಿಂತು ಉಸಿರೆಳೆದುಕೊಂಡು, ಕಾಲೆತ್ತುವಾಗ ಬಿಡಬೇಕು. ಒಂದು ಉಸಿರಿಗೆ ಒಂದೇ ಮೆಟ್ಟಿಲಾದರೂ ಸರಿ, ಹಿಂದಿನಿಂದ ಯಾರೂ ಅವಸರ ಮಾಡದಿದ್ದರಾಯಿತು.