ಗರ್ಭಕೊರಳಿನ ಕ್ಯಾನ್ಸರಿನ ಹಂತ ನಿರ್ಣಯ: ಕೈ ಪರೀಕ್ಷೆ ಮತ್ತು ಎಂಆರ್‌ಐ

ಮುಟ್ಟು ನಿಂತು ವರ್ಷಗಳಾದ ಮೇಲೂ ರಕ್ತಸ್ರಾವ ಕಾಣಿಸಿಕೊಂಡು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬರುವ ಹೆಣ್ಣುಮಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ಇದೆ ಎಂದು ಬಯಾಪ್ಸಿಯಿಂದ ಖಚಿತವಾದರೆ, ಅವಳ ಕಡತದಲ್ಲಿ ‘1ಬಿ2’ ಅಥವಾ ‘2ಬಿ’ ಎಂಬಂಥ ಗುರುತೊಂದು ಸೇರುತ್ತದೆ. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಚಿಕಿತ್ಸೆಗೆ ಮೊದಲೇ ಗೊತ್ತುಮಾಡಿ, ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ ರೂಪಿಸಿದ ನಾಲ್ಕು ಹಂತಗಳಲ್ಲಿ ಒಂದಕ್ಕೆ ಸೇರಿಸುವುದನ್ನು ಹಂತ ನಿರ್ಣಯ ಎನ್ನುತ್ತಾರೆ.

ಈ ನಾಲ್ಕರಲ್ಲಿ ವೈದ್ಯರನ್ನು ಹೆಚ್ಚು ಕಾಡುವುದು ಒಂದೇ ಗಡಿ. ಗರ್ಭಕೊರಳಿನ ಇಕ್ಕೆಲಗಳಲ್ಲಿರುವ ಪ್ಯಾರಾಮೆಟ್ರಿಯಂ ಎಂಬ ಮೆದು ಅಂಗಾಂಶಕ್ಕೆ ಗೆಡ್ಡೆ ಇಳಿದಿದ್ದರೆ ಅದು 2ಬಿ. ಆಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಬಿಟ್ಟು, ವಿಕಿರಣ ಮತ್ತು ಕಿಮೊಥೆರಪಿಯನ್ನು ಒಟ್ಟಿಗೆ ಕೊಡಲಾಗುತ್ತದೆ. ಇಳಿದಿಲ್ಲದಿದ್ದರೆ, ಗೆಡ್ಡೆಯೂ ಚಿಕ್ಕದಿದ್ದರೆ, ಶಸ್ತ್ರಚಿಕಿತ್ಸೆಯ ದಾರಿ ತೆರೆದಿರುತ್ತದೆ.

ಕೈ ಪರೀಕ್ಷೆಯಲ್ಲಿ ವೈದ್ಯರು ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು ಗೆಡ್ಡೆಯನ್ನು ಕಣ್ಣಾರೆ ನೋಡಿದ ಬಳಿಕ, ಒಂದು ಬೆರಳನ್ನು ಯೋನಿಯಲ್ಲೂ ಇನ್ನೊಂದನ್ನು ಗುದದ್ವಾರದಲ್ಲೂ ಇರಿಸಿ, ನಡುವಿನ ಅಂಗಾಂಶ ಮೆತ್ತಗಿದೆಯೋ, ಗಂಟುಗಂಟಾಗಿ ಬಿಗಿದಿದೆಯೋ, ಆ ಬಿಗಿತ ಸೊಂಟದ ಎಲುಬಿನ ಗೋಡೆಯವರೆಗೆ ಮುಟ್ಟಿದೆಯೋ ಎಂದು ತಡವಿ ತಿಳಿಯುತ್ತಾರೆ. ರೋಗಿ ನೋವಿನಿಂದ ಮೈ ಬಿಗಿಹಿಡಿದರೆ ಇದು ಅಸಾಧ್ಯವಾಗುವುದರಿಂದ ಕೆಲವೊಮ್ಮೆ ಅರಿವಳಿಕೆ ಕೊಟ್ಟು ಪರೀಕ್ಷಿಸುವುದೂ ಉಂಟು. ಹಳೆಯ ಸೋಂಕಿನಿಂದ ಗಟ್ಟಿಯಾದ ಅಂಗಾಂಶ ಬೆರಳಿಗೆ ಕ್ಯಾನ್ಸರಿನಂತೆಯೇ ತೋರಬಹುದು. ಕೊರಳಿನ ಒಳನಾಳದಲ್ಲಿ ಮೇಲ್ಮುಖವಾಗಿ ಬೆಳೆದ ಗೆಡ್ಡೆಯ ಅಳತೆ ಕೈಗೆ ಸಿಗುವುದಿಲ್ಲ. ಸೊಂಟದೊಳಗಿನ ದುಗ್ಧಗ್ರಂಥಿಗಳಂತೂ ಅದರ ಅಳವಿಗೆ ಮೀರಿದವು.

ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರಗಳಲ್ಲಿ ಆರೋಗ್ಯವಂತ ಗರ್ಭಕೊರಳಿನ ಗೋಡೆ ಕಪ್ಪು ಉಂಗುರವಾಗಿ, ಗೆಡ್ಡೆ ಅದಕ್ಕಿಂತ ತಿಳಿಯಾದ ಬೂದು ಬಣ್ಣದಲ್ಲಿ ಕಾಣುತ್ತದೆ. ಉಂಗುರ ಎಲ್ಲಿಯೂ ತುಂಡಾಗದೆ ಉಳಿದಿದ್ದರೆ ರೋಗ ಪಕ್ಕಕ್ಕೆ ಹರಡಿಲ್ಲವೆಂದು ಬಹುಮಟ್ಟಿಗೆ ಧೈರ್ಯದಿಂದ ಹೇಳಬಹುದು. ತುಂಡಾಗಿದ್ದರೆ ಅಷ್ಟೇ ಧೈರ್ಯ ಸಲ್ಲದು. ದೊಡ್ಡ ಗೆಡ್ಡೆಯ ಸುತ್ತಲಿನ ಊತ, ಬಯಾಪ್ಸಿಯ ನಂತರದ ಬಾವು ಇವೂ ಅದೇ ರೀತಿ ಕಾಣಿಸಿ, ಹಂತವನ್ನು ಇರುವುದಕ್ಕಿಂತ ಮೇಲಕ್ಕೇರಿಸಬಹುದು.

2005ರಲ್ಲಿ ಪ್ರಕಟವಾದ ಅಮೆರಿಕದ ಬಹುಕೇಂದ್ರ ಅಧ್ಯಯನವೊಂದರಲ್ಲಿ, 2ಬಿ ಅಥವಾ ಅದಕ್ಕೂ ಮುಂದುವರಿದ ರೋಗವನ್ನು ಗುರುತಿಸುವಲ್ಲಿ ಕೈ ಪರೀಕ್ಷೆಯ ಸಂವೇದನೆ (ರೋಗ ಹರಡಿದವರನ್ನು ಹರಡಿದೆ ಎಂದು ಸರಿಯಾಗಿ ಹಿಡಿಯುವ ಪ್ರಮಾಣ) ಶೇ. 29, ಎಂಆರ್‌ಐಯದು ಶೇ. 53 ಇತ್ತು, ಆದರೆ ರೋಗ ಹರಡದವರನ್ನು ಹರಡಿಲ್ಲ ಎನ್ನುವುದರಲ್ಲಿ ಕೈ ಶೇ. 99 ಸರಿ, ಎಂಆರ್‌ಐ ಶೇ. 74. ಶಸ್ತ್ರಚಿಕಿತ್ಸೆಗೆಂದು ಆಯ್ದ ರೋಗಿಗಳ ಮೇಲೆ ನಡೆದ ಅಧ್ಯಯನವಾದ್ದರಿಂದ ಈ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಯಂತ್ರ ಬಂದ ಮೇಲೆ ಬೆರಳಿಗೆ ಕೆಲಸವಿಲ್ಲ ಎಂಬ ಮಾತನ್ನು ಅವು ಒಪ್ಪುವುದಿಲ್ಲ.

ಫಿಗೊ ಬಹುಕಾಲ ಕೈ ಪರೀಕ್ಷೆಯನ್ನೇ ಆಧಾರವಾಗಿಟ್ಟುಕೊಂಡಿತ್ತು. ಈ ರೋಗ ಹೆಚ್ಚಾಗಿರುವ ಊರುಗಳಲ್ಲೇ ಸ್ಕ್ಯಾನಿಂಗ್ ಸೌಲಭ್ಯ ವಿರಳ ಎಂಬುದು ಅದಕ್ಕೆ ಮುಖ್ಯ ಕಾರಣ. 2018ರ ಪರಿಷ್ಕರಣೆಯಲ್ಲಿ, ಲಭ್ಯವಿದ್ದಲ್ಲಿ ಸ್ಕ್ಯಾನ್ ಮತ್ತು ರೋಗಶಾಸ್ತ್ರ ವರದಿಗಳನ್ನೂ ಬಳಸಲು ಅದು ಅನುಮತಿ ನೀಡಿತು, ಕಡ್ಡಾಯ ಮಾಡಲಿಲ್ಲ. ದುಗ್ಧಗ್ರಂಥಿಗೆ ಹರಡಿದ ರೋಗಕ್ಕೆ 3ಸಿ ಎಂಬ ಹೊಸ ಉಪಹಂತವೂ ಆಗಲೇ ಸೇರಿತು. ಅದರ ಪಕ್ಕದ ‘ಆರ್’ ಅಕ್ಷರ ಸ್ಕ್ಯಾನ್‌ನಿಂದ ತಿಳಿದದ್ದನ್ನೂ ‘ಪಿ’ ಅಕ್ಷರ ಸೂಕ್ಷ್ಮದರ್ಶಕದಿಂದ ಖಚಿತವಾದದ್ದನ್ನೂ ಸೂಚಿಸುತ್ತದೆ. ಎರಡು ಹಂತಗಳ ನಡುವೆ ಅನುಮಾನ ಉಳಿದರೆ ಕೆಳಗಿನದನ್ನೇ ಬರೆಯಬೇಕೆಂಬ ಹಳೆಯ ನಿಯಮ ಮಾತ್ರ ಬದಲಾಗಿಲ್ಲ.