ಫೈಬ್ರೋಅಡಿನೋಮಾ: ತೆಗೆಸಬೇಕಾ, ಬಿಡಬಹುದಾ?

ಎದೆಯಲ್ಲಿ ಗಂಟು ಅಂತ ಸ್ಕ್ಯಾನ್ ಮಾಡಿಸಿದವರಿಗೆ ರಿಪೋರ್ಟಿನಲ್ಲಿ ಈ ಉದ್ದನೆ ಹೆಸರು ಕಂಡರೆ ಕೈಕಾಲು ಆಡುವುದಿಲ್ಲ. ಕೊನೆಗೆ ‘ಓಮಾ’ ಅಂತ ಬೇರೆ ಇದೆಯಲ್ಲ, ಕ್ಯಾನ್ಸರೇ ಇರಬೇಕು ಅನ್ನೋ ದಿಗಿಲು. ‘ಓಮಾ’ ಅಂದರೆ ಗಡ್ಡೆ, ಅಷ್ಟೇ. ಕೈಮೇಲೆ ಏಳುವ ಕೊಬ್ಬಿನ ಗಂಟಿಗೂ ಲೈಪೋಮಾ ಅಂತಲೇ ಹೆಸರು. ‘ಫೈಬ್ರೋ’ ಅಂದರೆ ನಾರು, ‘ಅಡಿನೋ’ ಅಂದರೆ ಗ್ರಂಥಿ. ಹಾಲಿನ ಗ್ರಂಥಿ ಮತ್ತು ಅದರ ಸುತ್ತಲಿನ ನಾರು ಒಂದು ಕಡೆ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದು ಉಂಡೆ ಕಟ್ಟಿದರೆ, ಅದೇ ಫೈಬ್ರೋಅಡಿನೋಮಾ.

15ರಿಂದ 35 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಕಾಣುವ ಸ್ತನದ ಗಂಟುಗಳಲ್ಲಿ ಇದೇ ಜಾಸ್ತಿ. ಮುಟ್ಟಿದರೆ ರಬ್ಬರಿನ ಹಾಗೆ ಗಟ್ಟಿ. ಒತ್ತಿದರೆ ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ಅದಕ್ಕೇ ಇಂಗ್ಲಿಷ್ ಡಾಕ್ಟರುಗಳು ಇದಕ್ಕೆ ‘ಸ್ತನದ ಇಲಿ’ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಈಸ್ಟ್ರೋಜನ್ ಹಾರ್ಮೋನು ಹೇಳಿದ ಹಾಗೆ ಕುಣಿಯುವ ಗಂಟು ಇದು: ಬಸುರಿನಲ್ಲಿ ದೊಡ್ಡದಾಗಬಹುದು, ಮುಟ್ಟು ನಿಂತ ಮೇಲೆ ಕುಗ್ಗಬಹುದು.

ಆದರೆ ‘ಜಾರುತ್ತೆ, ನೋವಿಲ್ಲ, ಹಾಗಾದ್ರೆ ಏನೂ ಇಲ್ಲ’ ಅಂತ ಮನೆಯಲ್ಲೇ ತೀರ್ಮಾನ ಮಾಡುವ ಹಾಗಿಲ್ಲ. ಕ್ಯಾನ್ಸರ್ ಗಂಟಿಗೂ ಶುರುವಿನಲ್ಲಿ ನೋವು ಇರದೇ ಇರಬಹುದು. ಹಾಗಾಗಿ ಡಾಕ್ಟರು ಮೂರು ಸಾಕ್ಷಿ ಕೇಳುತ್ತಾರೆ. ಒಂದು ಅವರ ಕೈ, ಎರಡನೆಯದು ಅಲ್ಟ್ರಾಸೌಂಡ್ ಸ್ಕ್ಯಾನ್ (40 ದಾಟಿದವರಿಗೆ ಜೊತೆಗೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ), ಮೂರನೆಯದು ಬೇಕಿದ್ದರೆ ಸೂಜಿ ಪರೀಕ್ಷೆ. ಮೂರೂ ಒಂದೇ ಮಾತು ಹೇಳಿದರೆ ನೆಮ್ಮದಿ. ಒಂದು ಸಾಕ್ಷಿ ಬೇರೆ ಹೇಳಿದರೂ ವಿಚಾರಣೆ ಮುಂದುವರಿಯುತ್ತದೆ.

ಸ್ಕ್ಯಾನ್ ರಿಪೋರ್ಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಎಡ ಸ್ತನ, 2 ಗಂಟೆ’ ಅಂತ ಬರೆದಿರುತ್ತದೆ. ಎರಡು ಗಂಟು ಇದೆ ಅಂತ ಓದಿಕೊಂಡು ಗಾಬರಿ ಬೀಳುವವರೂ ಇದ್ದಾರೆ. ಸ್ತನವನ್ನು ಗೋಡೆ ಗಡಿಯಾರ ಅಂದುಕೊಂಡು, ಗಂಟು ಯಾವ ದಿಕ್ಕಿನಲ್ಲಿದೆ ಅಂತ ಹೇಳುವ ರೀತಿ ಅದು. ಆಮೇಲೆ ‘18 x 9 ಮಿ.ಮೀ.’ ಅಂತ ಅಳತೆ. ಹೆಚ್ಚುಕಮ್ಮಿ ಒಂದು ದೊಡ್ಡ ಹುಣಸೆ ಬೀಜ. ಆ ಬೀಜ ಮಲಗಿದ ಹಾಗಿದ್ದು, ಅಂಚು ನುಣುಪಾಗಿದ್ದರೆ ಒಳ್ಳೆಯ ಲಕ್ಷಣ. ಎದ್ದು ನಿಂತ ಹಾಗಿದ್ದರೆ, ಅಂಚು ಮುಳ್ಳುಮುಳ್ಳಾಗಿದ್ದರೆ ಅನುಮಾನ. ಕೊನೆಯಲ್ಲಿ ‘ಬೈರಾಡ್ಸ್’ (BI-RADS) ಅಂತ ಒಂದು ಅಂಕಿ, ಕ್ಯಾನ್ಸರಿನ ಅನುಮಾನ ಎಷ್ಟು ಅಂತ ಹೇಳುವುದು. 2 ಅಂದರೆ ಸಾದಾ ಗಂಟು. 3 ಅಂದರೆ ಬಹುತೇಕ ಸಾದಾ, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಜಾಸ್ತಿ ಇಲ್ಲ. 4 ಅಥವಾ 5 ಬಂದರೆ ಸೂಜಿ ಪರೀಕ್ಷೆ ಆಗಲೇಬೇಕು.

ಸೂಜಿ ಅಂದರೆ ಹೆದರುವವರು ಬಹಳ. ಚುಚ್ಚಿದರೆ ಸಾದಾ ಗಂಟು ಕ್ಯಾನ್ಸರ್ ಆಗುತ್ತೆ ಅನ್ನೋ ಮಾತು ಊರೂರಲ್ಲಿದೆ. ಅದು ಸುಳ್ಳು. ಜಾಗ ಮರಗಟ್ಟಿಸಿ, ಶ್ಯಾವಿಗೆ ಎಳೆಯಂಥ ಚೂರುಗಳನ್ನು ತೆಗೆಯುತ್ತಾರೆ, ಅಷ್ಟೇ. ಆ ಎಳೆಯಿಂದ ಗಂಟು ಎಂಥದ್ದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಸಾದಾ ಗಂಟು ಅಂತ ಖಾತ್ರಿಯಾದ ಮೇಲೆ ಬಹಳ ಸಲ ಏನೂ ಮಾಡಬೇಕಿಲ್ಲ. ಬೈರಾಡ್ಸ್ 3 ಇದ್ದರೆ 6 ತಿಂಗಳಿಗೆ, ವರ್ಷಕ್ಕೆ, 2 ವರ್ಷಕ್ಕೆ ಮತ್ತೆ ಸ್ಕ್ಯಾನ್ ಮಾಡುವುದು ರೂಢಿ. ಗಂಟು ಬೇಗ ಬೆಳೆಯುತ್ತಿದ್ದರೆ, ಸುಮಾರು 3 ಸೆಂ.ಮೀ. ದಾಟಿದ್ದರೆ, ಸೂಜಿ ಪರೀಕ್ಷೆ ಸ್ಪಷ್ಟ ಉತ್ತರ ಕೊಡದಿದ್ದರೆ ತೆಗೆಯುವ ಮಾತು ಬರುತ್ತದೆ. ಇಲ್ಲಿ ಫಿಲೋಡಿಸ್ ಅನ್ನೋ ಇನ್ನೊಂದು ಗಡ್ಡೆಯ ಹೆಸರೂ ಕೇಳಬಹುದು. ನೋಡಲು ಫೈಬ್ರೋಅಡಿನೋಮಾ ತರಹವೇ ಇದ್ದು, ಸರಸರ ಬೆಳೆಯುತ್ತದೆ. ಅದನ್ನು ಬಿಡುವ ಹಾಗಿಲ್ಲ.

ಸಾದಾ ಗಂಟೇ ಆದರೂ ‘ಅದು ಒಳಗಿದೆ ಅಂದರೆ ನಿದ್ದೆ ಬರಲ್ಲ’ ಅನ್ನುವವರಿಗೂ ತೆಗೆಸಿಕೊಳ್ಳುವ ಹಕ್ಕಿದೆ. ಅದೂ ಸರಿಯಾದ ಕಾರಣವೇ. ಆದರೆ ‘ಮದುವೆಗೆ ಮುಂಚೆ ತೆಗೆಸಿಬಿಡಿ’ ಅನ್ನೋ ಕಾರಣ ನನಗೆ ಒಪ್ಪಿಗೆಯಿಲ್ಲ. ಅದು ಅತ್ತೆ, ಚಿಕ್ಕಮ್ಮಂದಿರ ಚಿಂತೆ. ಗಂಟಿಗೂ ಅದಕ್ಕೂ ಸಂಬಂಧವಿಲ್ಲ. ತೆಗೆದರೆ ಗಾಯದ ಗುರುತು ಉಳಿಯುತ್ತದೆ. ಬೇರೆ ಜಾಗದಲ್ಲಿ ಹೊಸ ಗಂಟು ಬರಲ್ಲ ಅನ್ನೋ ಗ್ಯಾರಂಟಿಯೂ ಇಲ್ಲ.

ಕರಗಿಸುವ ಮಾತ್ರೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ನಂಬಿಕೊಳ್ಳುವಂಥದ್ದು ಇಲ್ಲ. ಕೆಲವು ಗಂಟು ತಾವಾಗೇ ಕುಗ್ಗುತ್ತವೆ, ಹೆಸರು ಮಾತ್ರ ಆ ಸಮಯದಲ್ಲಿ ನುಂಗುತ್ತಿದ್ದ ಮಾತ್ರೆಗೆ ಬರುತ್ತದೆ.

ಹಾಗಂತ ಎಲ್ಲದಕ್ಕೂ 6 ತಿಂಗಳು ಕಾಯಬೇಡಿ. 40ರ ನಂತರ ಹೊಸದಾಗಿ ಬಂದ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಎಳೆದುಕೊಂಡಿರುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದೇ ಕಂಡರೂ ಆ ವಾರವೇ ತೋರಿಸಿ.

ಇನ್ನು, ಮುಂದಿನ ಸ್ಕ್ಯಾನಿಗೆ ಹೋಗುವಾಗ ಹಳೆಯ ರಿಪೋರ್ಟು, ಫಿಲ್ಮು ಎರಡನ್ನೂ ಮರೆಯದೆ ಒಯ್ಯಿರಿ. ಸಾಧ್ಯವಾದರೆ ಅದೇ ಸೆಂಟರಿಗೇ ಹೋಗಿ. ಅಳೆಯುವ ಕೈ ಬದಲಾದರೂ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಬರುತ್ತದೆ. 18 ಇದ್ದದ್ದು 19 ಆಯಿತು ಅಂತ ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬರಬೇಕಿಲ್ಲ.